ಸೊನ್ನೆಯ ಮೇಲೆ ಮೂವತ್ತೈದು

ಒಂದು ಹಾಳೆ, ಅದರಲ್ಲಿ ಆರು ಚೌಕ:
ಕೋಡಿಬಾಗ, ಸುಂಕೇರಿ, ಕಡವಾಡ, ಕಿನ್ನರ, ಹಳಗಾ, ಕದ್ರಾ.
ಕಾಳಿಯ ಬಾಯಿಂದ ಗಂಟಲತ್ತ ಹೋಗುವ ಸಾಲು.
ಒಂದೊಂದರಲ್ಲೂ ಮಾರ್ಚ್ ಹುಣ್ಣಿಮೆಯ ಉಪ್ಪು,
ಅರ್ಧ ಗಂಟೆಗೊಂದು ಚುಕ್ಕಿ.

ಮೊದಲ ಸಲ ಓಡಿಸಿದಾಗ
ಕೋಡಿಬಾಗದ ಗಂಟೆಗಳ ಮೇಲೆ ಸುಂಕೇರಿಯ ಹೆಸರು ಬಂದು ಕೂತಿತ್ತು.
ಗಾಳಿಯ ಎಚ್ಚರಿಕೆ ಬಂದ ಸಂಜೆ ಬೈತಖೋಲದಲ್ಲಿ
ದೋಣಿಯ ಮೂತಿ ದೋಣಿಯ ಬೆನ್ನಿಗೆ ತಾಗಿ
ಯಾವ ಹೆಸರು ಯಾರದ್ದೆಂದು ಓದಲಾಗದಂತೆ.

"ಬಿಡಿಸು," ಅಂದರು ಶೆಜವಾಡಕರ ಮೇಡಂ,
ಕೈಯಲ್ಲಿ ಬುತ್ತಿಯ ಡಬ್ಬಿ. "ಉಸಿರಾಡಲಿ ಅವು."
ಬಿಡಿಸಿದೆ. ಹೆಚ್‌ಸ್ಪೇಸ್ ಅರ್ಧ. ಆಮೇಲೆ ಮುಕ್ಕಾಲು.
ಆ ಸಂಖ್ಯೆಗೆ ಸೆಂಟಿಮೀಟರು ಗೊತ್ತಿಲ್ಲ, ಇಂಚೂ ಗೊತ್ತಿಲ್ಲ,
ಚೌಕದ ಎತ್ತರದಲ್ಲಿ ಎಷ್ಟು ಪಾಲು, ಅಷ್ಟೇ ಅದರ ಲೆಕ್ಕ.
ಹಾಳೆಯೋ ಬೆಳೆಯುವುದಿಲ್ಲ;
ತೆರವು ಕೊಬ್ಬಿದಷ್ಟೂ ಚೌಕ ಸೊರಗುತ್ತದೆ.
ಕಡೆಗೆ ಒಂದೊಂದು ಊರೂ
ಬಿಸಿಲಿಗೆ ಹಾಕಿದ ಬಂಗುಡೆಯಷ್ಟು ತೆಳ್ಳಗೆ,
ಅಲೆ ಇದ್ದಲ್ಲಿ ಬರೀ ಗೀಟು.

ಎರಡು ಕಂಬವಾಗಿಯೂ ಇಟ್ಟು ನೋಡಿದ್ದುಂಟು,
ಮೂರು ಎಡಕ್ಕೆ, ಮೂರು ಬಲಕ್ಕೆ.
ಕಡವಾಡ ಮುಗಿದಲ್ಲಿಂದ ಕಣ್ಣು ಮತ್ತೆ ನೆತ್ತಿಗೇರಿ
ಕಿನ್ನರವನ್ನು ಹುಡುಕಬೇಕು.
ಯಾವ ಹೊಳೆ ಹಾಗೆ ಹಾರುತ್ತದೆ?

ಟೈಟ್ ಲೇಔಟಿಗೆ ಒಪ್ಪಿಸಿದೆ. ಅದು ಕಂಡಕ್ಟರನ ಹಾಗೆ
ಎಲ್ಲರನ್ನೂ ಸರಿಸಿ ಕೂರಿಸಿತು, ಯಾರಿಗೂ ತಾಗದಂತೆ,
ಯಾರಿಗೂ ಯಾರ ಮುಖವೂ ಕಾಣದಂತೆ.
ತಕರಾರಿಲ್ಲ. ಚಿತ್ರದಲ್ಲಿ ಹೊಳೆಯೂ ಇಲ್ಲ.

ಪುರ್ಸೊ ತಾಂಡೇಲ ದೋಣಿ ಬಾಡಿಗೆಯ ರಸೀದಿಗೆ ಬಂದಿದ್ದ.
ಪರದೆಯತ್ತ ಬಗ್ಗಿ, "ಈ ಬಿಳಿ ಪಟ್ಟಿ ಎಂತದು?"
"ಜಾಗ."
"ಎಂತ ಜಾಗ? ಕಡವಾಡಕ್ಕೂ ಕಿನ್ನರಕ್ಕೂ ನಡು
ನೀರೇ ಇರೂದಲ್ವೇ ಬಾಯಿ?"

ಅವನು ಹೋದಮೇಲೆ ಸೊನ್ನೆ ಒತ್ತಿದೆ.
ಆರೂ ಒಂದಕ್ಕೊಂದು ಆತು ನಿಂತವು,
ಗಂಟೆಗಳೆಲ್ಲ ತಳದಲ್ಲಿ ಒಂದೇ ಸಾಲು, ಎಲ್ಲರದ್ದೂ ಸೇರಿ.
ಆಗ ಕಂಡಿತು:
ಕೋಡಿಬಾಗದಲ್ಲಿ ರಾತ್ರಿ ಹನ್ನೊಂದಕ್ಕೆ ಎದ್ದ ಗುಡ್ಡೆ
ಸುಂಕೇರಿಯಲ್ಲಿ ಒಂದೆಳೆ ಬಲಕ್ಕೆ, ಕಡವಾಡದಲ್ಲಿ ಇನ್ನಷ್ಟು,
ಹಳಗಾದಲ್ಲಿ ಕುಗ್ಗಿ, ಒಂದೂವರೆಗೆ.
ಕದ್ರಾದಲ್ಲಿ ಏನೂ ಇಲ್ಲ, ಮಲಗಿದ ಗೆರೆ.
ಮೂರು ವಾರದಿಂದ ನೋಡುತ್ತಿದ್ದ ಅವೇ ಅಂಕಿಗಳು.
ಕಡಲು ಓರೆಯಾಗಿ ನಡೆದು ಒಳಗೆ ಹೋಗುವುದನ್ನು
ಈಗ ನೋಡಿದೆ.

ಎಡದ ಅಂಚಿನಲ್ಲಿ ಮಾತ್ರ ಜಗಳ.
ಮೇಲಿನ ಚೌಕದ ತಳದ ಸೊನ್ನೆ,
ಕೆಳಗಿನದರ ನೆತ್ತಿಯ ಮೂವತ್ತೈದು,
ಎರಡಕ್ಕೂ ಒಂದೇ ಜಾಗ. ಒಂದರ ಮೇಲೊಂದು ಅಚ್ಚಾಗಿ
ಯಾವ ಸಂಖ್ಯೆಯೂ ಅಲ್ಲದ ಕಪ್ಪು ಗಂಟು.
ಸಿಹಿನೀರಿನ ಸೊನ್ನೆ. ಕಡಲಿನ ಮೂವತ್ತೈದು.
ಇಳಿತದಲ್ಲಿ ಬಳಚು ಹೆಕ್ಕುವವರು ಸೊಂಟಮಟ್ಟ ನಿಂತಿರುತ್ತಾರಲ್ಲ,
ಪಾದಕ್ಕೆ ಉಪ್ಪು, ಸೊಂಟಕ್ಕೆ ಸಿಹಿ,
ಅಲ್ಲಿ.

ಅಳಿವೆ ಅಂದರೆ ಇದೇ ಎಂದು ಬದಿಯಲ್ಲಿ ಬರೆದೆ,
ಆಮೇಲೆ ಹೊಡೆದುಹಾಕಿದೆ.
ಮೇಡಂಗೆ ಅಂಕಿ ಓದಲು ಬರಬೇಕು.
ಗುರುತುಗಳನ್ನು ಮೂವತ್ತಕ್ಕೇ ನಿಲ್ಲಿಸಿ
ಸೊನ್ನೆ ದಶಾಂಶ ಸೊನ್ನೆ ಎಂಟು ಕೊಟ್ಟೆ:
ಉಗುರು ತೂರುವಷ್ಟು ಬಿಳಿ.
ಸಾಕು ಅನಿಸಿತು. ಓರೆ ನಡಿಗೆ ಇನ್ನೂ ಕಾಣುತ್ತಿತ್ತು.

ಒಂದು ತೆರವು ಮಾತ್ರ ಯಾವ ಸಂಖ್ಯೆಗೂ ಬಗ್ಗಲಿಲ್ಲ.
ಕಿನ್ನರದಲ್ಲಿ ಹನ್ನೆರಡರಿಂದ ಒಂದರವರೆಗೆ ಚುಕ್ಕಿ ಇಲ್ಲ,
ಗೆರೆ ಅಲ್ಲಿ ತುಂಡು.
ವಹಿಯಲ್ಲಿ ಪುರ್ಸೊ ತಾನೇ ಬರೆದಿದ್ದಾನೆ, ಪೆನ್ಸಿಲಿನಲ್ಲಿ:
ಮಲ್ಗಿದ್ದೆ.
ಸೇರಿಸಿಬಿಡು ಎಂದು ಮೇಡಂ ಹೇಳಲಿಲ್ಲ, ನಾನೂ ಕೇಳಲಿಲ್ಲ.
ಆ ಹೊತ್ತಿನಲ್ಲೇ ಉಪ್ಪು
ಅವನ ದೋಣಿಯಡಿಯಿಂದ ಹಾದುಹೋಗಿರಬೇಕು,
ಲಂಗರಿನ ಹಗ್ಗ ಒಮ್ಮೆ ಬಿಗಿದು,
ಸಡಿಲಿ.