ಮೊದಲು ನಿಲ್ಲುವುದು

ಕಾಫಿ ಒಣಗಿಸುವ ಕಣ ಏಪ್ರಿಲ್ಲಿಗೆ ಖಾಲಿಯಾಯಿತು.
ಸಿಮೆಂಟಿನ ಮೇಲೆ ಇನ್ನೂ ಸಿಪ್ಪೆಯ ಹುಳಿ ವಾಸನೆ.
ಅಮ್ಮತ್ತಿಯ ಈ ಕಡೆ ಇಷ್ಟು ಮಟ್ಟಸವಾದ ಜಾಗ ಇನ್ನೊಂದಿಲ್ಲ,
ಮಿಕ್ಕದ್ದೆಲ್ಲ ಏರು, ಇಲ್ಲವೇ ಇಳಿ.
ಸಾಹುಕಾರರನ್ನು ಕೇಳಿದೆ.
ಪಾಚಿ ಕಟ್ಟುವವರೆಗೆ ಮಕ್ಕಳದ್ದೇ ಅಂದರು,
ಗೇಟು ಮಾತ್ರ ಹಾಕಿಕೊಳ್ಳಿ.

ಮೊದಲ ದಿನ ಯಾರಿಗೂ ಪೆಡಲು ತುಳಿಯಲು ಬಿಡಲಿಲ್ಲ.
ಸೈಕಲ್ ತಳ್ಳಿಕೊಂಡು ನಡೆಯಿರಿ, ಚಪ್ಪಾಳೆ ಹೊಡೆದಾಗ ನಿಲ್ಲಿ.
ನಡೆಯಿರಿ. ನಿಲ್ಲಿ. ನಡೆಯಿರಿ.
ಪೂವಮ್ಮನ ಮುಖ ಹಾಗಲಕಾಯಿ ಕಚ್ಚಿದಂತೆ:
"ಡ್ರೈವರ್ ಮಾಮ, ಸೈಕಲ್ ಇರೋದು ಓಡಿಸೋಕಲ್ವಾ?"
ಓಡಿಸುವುದು ಇಳಿಜಾರಿಗೇ ಗೊತ್ತು ಮಗೂ,
ಕೇಳದೆಯೂ ಓಡಿಸುತ್ತದೆ.
ನಿಲ್ಲುವುದನ್ನು ನಾವೇ ಕಲಿಯಬೇಕು.

ಎರಡೂ ಬ್ರೇಕು, ಒಟ್ಟಿಗೆ, ಹಾಲು ಕರೆಯುವ ಹಾಗೆ,
ಕೋಳಿಯ ಕತ್ತು ಹಿಸುಕುವ ಹಾಗಲ್ಲ.
ಹೆಲ್ಮೆಟ್ಟಿನ ಪಟ್ಟಿಯೊಳಗೆ ಎರಡು ಬೆರಳು ಹೋಗಬೇಕು, ಮೂರು ಬೇಡ.
ಮುಂದಿನ ಬ್ರೇಕನ್ನಷ್ಟೇ ಹಿಡಿದ ಮಣಿ
ಹ್ಯಾಂಡಲ್ ದಾಟಿ ಬಿದ್ದ. ಟಕ್ ಎಂದಿತು.
ಎದ್ದು ಕೂತವನು ಹೆಲ್ಮೆಟ್ ಬಿಚ್ಚಿ
ಬೆರಳಿನ ಗೆಣ್ಣಿನಿಂದ ತಟ್ಟಿ ಆ ಸದ್ದನ್ನೇ ಇನ್ನೊಮ್ಮೆ ಕೇಳಿದ.
ನಾನು ಮತ್ತೇನೂ ಹೇಳಲಿಲ್ಲ.

ಹೇಳದೆ ಉಳಿದದ್ದು ಬೇರೆ ಇದೆ.
ಮೂವತ್ತೊಂದು ವರ್ಷ ಮಾಕುಟ್ಟದ ಘಾಟಿಯಲ್ಲಿ
ಬಸ್ಸಿನ ಗಾಜಿನ ಹಿಂದೆ ಕೂತವನು ನಾನು.
ಅಲ್ಲಿಂದ ಒಂದು ಮಗು ಎಷ್ಟು ಕಾಣುತ್ತದೆ ಗೊತ್ತೇ?
ತಿರುವಿನಲ್ಲಿ, ಮಂಜಿನಲ್ಲಿ
ಒಂದು ಕೆಂಪು ರಿಬ್ಬನ್ನು. ಅಷ್ಟೇ.
ಅವತ್ತು ಬ್ರೇಕು ಹಿಡಿಯಿತು.
ಹಿಡಿಯಿತು, ಹಿಡಿಯಿತು ಎಂದು
ಈಗಲೂ ಕೆಲವು ರಾತ್ರಿ ಎದ್ದು ಕೂತು ಹೇಳಿಕೊಳ್ಳುತ್ತೇನೆ.

ಎಡಕ್ಕೇ ಇರಿ. ತಿರುವಿಗೆ ಮೊದಲೇ ಬೆಲ್ಲು.
ಸಿಲ್ವರ್ ಓಕ್ ಎಲೆ ನೆನೆದರೆ ಸೋಪಿದ್ದ ಹಾಗೆ, ಇಳಿದು ತಳ್ಳಿ.
ಆನೆಯ ವಾಸನೆ ಬಂದರೆ ಬೆಲ್ಲು ಬೇಡವೇ ಬೇಡ,
ಸದ್ದಿಲ್ಲದೆ ಬಂದ ದಾರಿಗೇ ತಿರುಗಿ.
"ಆನೆಗೆ ಬ್ರೇಕ್ ಇಲ್ವಾ?" ರುಕಿಯಾ ಕೇಳಿದಳು.
ಇರಬಹುದು. ನಮ್ಮ ಕೈಗೆ ಕೊಟ್ಟಿಲ್ಲ.

ಸೀಟು ಹಿಡಿದು ಹಿಂದೆ ಓಡುತ್ತ
"ಹಿಡಿದಿದ್ದೇನೆ, ಹಿಡಿದಿದ್ದೇನೆ" ಅನ್ನುತ್ತಲೇ ಬಿಟ್ಟುಬಿಡುವವರಿದ್ದಾರೆ.
ನನ್ನಪ್ಪ ಹಾಗೇ ಬಿಟ್ಟ. ತಿರುಗಿ ನೋಡಿದೆ, ಬಿದ್ದೆ;
ಮೊಣಕೈಯಲ್ಲಿ ಇಂದಿಗೂ ಗುರುತಿದೆ.
ನಾನು ಹೇಳಿಯೇ ಬಿಡುತ್ತೇನೆ:
ಪೂವಮ್ಮಾ, ಕೈ ತೆಗೆಯುತ್ತಿದ್ದೇನೆ.
ತೆಗೆದೆ.

ಅವಳು ತಿರುಗಿ ನೋಡಲಿಲ್ಲ.
ಜಡೆ ಬೆನ್ನಿಗೆ ಬಡಿಯುತ್ತ, ಸ್ವಲ್ಪ ಸೊಟ್ಟ, ಸ್ವಲ್ಪ ನೆಟ್ಟಗೆ,
ಕಣದ ಆ ತುದಿಗೆ, ರಸ್ತೆ ಇಳಿಯುವ ಕಡೆಗೆ.
ನನ್ನ ಬಲಗಾಲು ತಾನಾಗಿ ನೆಲ ಒತ್ತಿತು,
ಅಲ್ಲಿಲ್ಲದ ಪೆಡಲನ್ನು, ಜೋರಾಗಿ.

ನಿಂತಳು.
ಒಂದು ಕಾಲು ಊರಿ
ಬಲಕ್ಕೆ ನೋಡಿದಳು, ಎಡಕ್ಕೆ ನೋಡಿದಳು, ಮತ್ತೆ ಬಲಕ್ಕೆ.
ಆಮೇಲೆ ಮುಚ್ಚಿದ ಗೇಟಿಗೆ
ಟ್ರಿಣ್ ಟ್ರಿಣ್ ಎಂದು ಬೆಲ್ಲು ಹೊಡೆದಳು.