ನಲವತ್ತು ಮಿಲಿಮೀಟರ್

ಗ್ಯುಮ್ರಿಯ ರೈಲು ನಿಲ್ದಾಣದ ಹಿಂದೆ
ಮುಚ್ಚಿಹೋದ ರೊಟ್ಟಿ ಅಂಗಡಿಯೊಂದನ್ನು
ಐದು ವರ್ಷದ ಕರಾರಿಗೆ ಹಿಡಿದೆವು,
ಸೆರೋಬ್ ಚಿಕ್ಕಪ್ಪ ಮತ್ತು ನಾನು.
ಅವನ ಲೆಕ್ಕ ಕಿಲೋದಲ್ಲಿ, ನನ್ನದು ದ್ರಾಮಿನಲ್ಲಿ.
ಇಬ್ಬರಿಗೂ ಒಂದೇ ಚೌಕುಳಿ ಪುಸ್ತಕ:
ಅವನು ಹಿಂದಿನಿಂದ ಬರೆದುಕೊಂಡು ಬರುತ್ತಾನೆ,
ನಾನು ಮುಂದಿನಿಂದ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರು
ಗರಡಿ ಕಟ್ಟಿ ನೋಡಿರಲಿಲ್ಲ, ಪಾಪ.

ಕೈಯಲ್ಲಿರುವುದು ಮೂವತ್ತೆಂಟು ಲಕ್ಷ.
ಕಿಟಕಿಗಳಿಗೆ ನಾಲ್ಕು.
ಇಲ್ಲಿಯ ಜನವರಿಯಲ್ಲಿ ಕಬ್ಬಿಣ ಮುಟ್ಟಿದರೆ
ಅಂಗೈ ಅದಕ್ಕೇ ಅಂಟಿಕೊಳ್ಳುತ್ತದೆ,
ಆದ್ದರಿಂದ ಗ್ಯಾಸ್ ಹೀಟರಿಗೆ ಆರೂವರೆ.
ವೈರಿಂಗಿಗೆ ಹ್ರಾಂತ್ ಹೇಳಿದ್ದು ಮೂರು;
ಹ್ರಾಂತ್ ಎಂಥವನೆಂದು ಗೊತ್ತಿದ್ದು ನಾನು ಬರೆದದ್ದು ನಾಲ್ಕೂವರೆ.
ಬಾರುಗಳು, ಬಿಲ್ಲೆಗಳು ಹಳೆಯ ಕ್ರೀಡಾಶಾಲೆಯ ಹರಾಜಿನವು.
ಇಪ್ಪತ್ತು ಎಂದು ಕೆತ್ತಿದ್ದನ್ನು ಸೆರೋಬ್ ಕೈಯಲ್ಲಿ ತೂಗಿ
'ಹತ್ತೊಂಬತ್ತೂ ಮುಕ್ಕಾಲು' ಎಂದ.
ಕಾಲು ಕಿಲೋ ತುಕ್ಕಿನ ಪಾಲು.
ನೆಲದ ನಡುವೆ ರೊಟ್ಟಿ ಸುಡುತ್ತಿದ್ದ ಒಲೆಯ ಗುಂಡಿ,
ಆಳು ಇಳಿಯುವಷ್ಟು ಆಳ, ಒಳಗೆ ಇನ್ನೂ ಬೂದಿಯ ವಾಸನೆ.
ಅದನ್ನು ತುಂಬಲು ಮರಳು, ಎರಡು ಲಾರಿ.
ರಬ್ಬರು ನೆಲಕ್ಕೆ, ಇಪ್ಪತ್ತು ಮಿಲಿಮೀಟರ್, ಐದು ಲಕ್ಷ.

ಅಷ್ಟರಲ್ಲಿ ಮುಗಿಯಬೇಕಿತ್ತು.

ತುಂಡು ರಬ್ಬರು ತರಿಸಿ ಒಂದು ಮೂಲೆಯಲ್ಲಿ ಹಾಸಿ
ಸೆರೋಬ್ ಎಂಬತ್ತು ಕಿಲೋ ಎತ್ತಿ ಬಿಟ್ಟ.
ನಾನು ಮಹಡಿಯ ಮೇಲೆ, ವಾರ್ಸೆನಿಕಮ್ಮನ ಅಡುಗೆಮನೆಯಲ್ಲಿ,
ಸದ್ದು ಎಷ್ಟು ಕೇಳುತ್ತದೆಂದು ನೋಡಲು ಕೂತಿದ್ದೆ.
ಸದ್ದು ಹೆಚ್ಚೇನೂ ಇರಲಿಲ್ಲ.
ಲೋಟದ ಚಹಾದಲ್ಲಿ ಉಂಗುರದೊಳಗೊಂದು ಉಂಗುರ ಎದ್ದಿತು.
ತಲೆಯೆತ್ತಿದರೆ ಕುರ್ಚಿ ಖಾಲಿ;
ಆಕೆ ಬಾಗಿಲ ಚೌಕಟ್ಟಿನ ಕೆಳಗೆ ನಿಂತಿದ್ದಳು,
ಎರಡೂ ಕೈ ಎರಡೂ ಕಡೆಯ ಮರಕ್ಕೆ ಒತ್ತಿ.
ಎಂಬತ್ತರ ಮಂಡಿ ಅಷ್ಟು ಬೇಗ ಹೇಗೆ ಎದ್ದಿತೋ!
ಆಮೇಲೆ ನಾಚಿಕೊಂಡು ಬಂದು ಕೂತು
'ಸಕ್ಕರೆ ಸಾಕಾ?' ಎಂದು ಕೇಳಿದಳು.

ಈ ಊರಿನಲ್ಲಿ ಆ ಡಿಸೆಂಬರನ್ನು
ಯಾರೂ ಯಾರಿಗೂ ವಿವರಿಸುವುದಿಲ್ಲ.

ರಾತ್ರಿ ಪುಸ್ತಕ ತೆರೆದೆವು.
ಇಪ್ಪತ್ತು ಹೊಡೆದು ನಲವತ್ತು. ಐದು ಹೊಡೆದು ಹತ್ತು.
ರಬ್ಬರಿನ ಕೆಳಗೆ ಹಲಗೆ, ಹಲಗೆಯ ಕೆಳಗೆ ಮರಳು.
ಎತ್ತುವ ಕಟ್ಟೆಯನ್ನು ಆಕೆಯ ಮಂಚದ ಕೆಳಗಿನಿಂದ ತೆಗೆದು
ಬೀದಿಯ ಕಡೆಗೆ, ಗುಂಡಿಯ ಮೇಲಕ್ಕೇ.
ಕನ್ನಡಿಗಳು ಹೋದವು. ಸೆರೋಬನಿಗೆ ಅದೇ ಸಂತೋಷ:
'ಕನ್ನಡಿ ನೋಡುತ್ತ ಎತ್ತುವವನು ಕನ್ನಡಿಯನ್ನಷ್ಟೇ ಎತ್ತುತ್ತಾನೆ.'
ನಾಮಫಲಕ ಹೋಯಿತು.
'ಹತ್ಸ್', ರೊಟ್ಟಿ, ಎಂಬ ಹಳೆಯ ಬರಹವೇ ಇರಲಿ,
ಹುಡುಗರು ಹೇಗೂ ಹಸಿದೇ ಬರುತ್ತಾರೆ.
ಎರಡನೆಯ ಸ್ನಾನದ ಕೋಣೆ ಹೋಯಿತು;
ಅದಕ್ಕೆ ಮಾತ್ರ ಸ್ವಲ್ಪ ಜಗಳವಾಯಿತು.
ಗೋಡೆಗೆ ಸುಣ್ಣ ಮುಂದಿನ ವರ್ಷ.

ಮಾರ್ಚಿಯಲ್ಲಿ ಮತ್ತೆ ಆಕೆಯ ಮೇಜು, ಮತ್ತೆ ಚಹಾ.
ಕೆಳಗೆ ಎಂಬತ್ತು ಬಿದ್ದಿತು.
ಲೋಟದ ಅಂಚಿನಲ್ಲಿ ಬೆಳಕು ಒಮ್ಮೆ ಅಲುಗಿದಂತಾಗಿ ನಿಂತಿತು.
'ಯಾವಾಗ ಬೀಳಿಸುತ್ತೀರಿ?'
'ಬೀಳಿಸಿದೆವು.'
'ಇನ್ನೊಂದು ಸಲ ಬೀಳಿಸಲು ಹೇಳು.'
ಹೀಗೆ ಐದು ಸಲ. ಆರನೆಯದಕ್ಕೆ ಸೆರೋಬನೇ ಕೂಗಿದ,
ತನಗೂ ಅರವತ್ತಾಯಿತೆಂದು.
ಆಕೆ ಎದ್ದಿರಲಿಲ್ಲ. ಕೈ ಮಾತ್ರ
ಮೇಜಿನ ಅಂಚನ್ನು ಹಿಡಿದೇ ಇತ್ತು.

ಕೊನೆಯ ಪುಟದಲ್ಲಿ, ಅವನ ದಪ್ಪ ಅಕ್ಷರದಲ್ಲಿ:
ರಾತ್ರಿ ಎಂಟರ ಮೇಲೆ ಯಾರೂ ಬಿಡಬಾರದು, ಇಳಿಸಬೇಕು.
ಎತ್ತಲು ಬಂದವರಿಗೆ ಮೊದಲು ಇಳಿಸುವುದನ್ನು ಕಲಿಸುವುದು.
ಎದುರಿನ ಖರ್ಚಿನ ಅಂಕಣದಲ್ಲಿ ನಾನು ಗೀಟು ಎಳೆದೆ.
ಅದರ ಕೆಳಗೆ, ಹ್ರಾಂತ್: ಐದು ಲಕ್ಷ ಹತ್ತು ಸಾವಿರ.