ಐವತ್ತೆರಡರಲ್ಲಿ ಇಪ್ಪತ್ತೇಳು

ಐವತ್ತೆರಡರಲ್ಲಿ ಇಪ್ಪತ್ತೇಳು ಕಳೆದರೆ
ಜಿಲಾನನ ಸ್ಲೇಟಿನ ಮೇಲೆ ಯಾವಾಗಲೂ ಮೂವತ್ತೈದು.
ಎರಡರಲ್ಲಿ ಏಳು ಹೋಗದು. ಅದಕ್ಕೆ ಅವನು
ಏಳರಲ್ಲೇ ಎರಡು ಕಳೆದುಬಿಡುತ್ತಾನೆ, ತಣ್ಣಗೆ,
ಮುಂಬಾಗಿಲಿಗೆ ಬಂದವರನ್ನು
ಹಿತ್ತಿಲಿನಿಂದ ಸಾಗಹಾಕಿದ ಹಾಗೆ.

“ಪಕ್ಕದ ಮನೆಯಿಂದ ಒಂದು ಸಾಲ ತಗೋ” ಅಂತೀನಿ.
ಬಳಪ ನಿಲ್ಲುತ್ತದೆ.
ಕೌಲ್ ಬಜಾರಿನ ಆಟೋಗಳು, ಮಗ್ಗುಲ ಗಲ್ಲಿಯ
ಜೀನ್ಸ್ ಹೊಲಿಯುವ ಮಷಿನ್ನುಗಳು
ಯಾವುದೂ ನಿಲ್ಲುವುದಿಲ್ಲ. ಬಳಪ ಮಾತ್ರ.

ಸಂಜೆ ವಗ್ಗಾಣಿ ಮಿರ್ಚಿ ಅಂಗಡಿಯಲ್ಲಿ
ಎರ್ರಿಸ್ವಾಮಿಗೆ ಹೇಳಿದೆ.
ದೊಡ್ಡಾಸ್ಪತ್ರೆಯ ಸಣ್ಣ ಕೋಣೆಯಲ್ಲಿ
ದಿನವಿಡೀ ಮಂದಿಯ ಮಾತು ಕೇಳಿ ಕೇಳಿ
ಅವನ ಕಿವಿ ಈಗ ಬಾವಿ.
ಮಿರ್ಚಿಯ ತೊಟ್ಟು ಮುರಿಯುತ್ತಾ ಅಂದ:
“ಲೆಕ್ಕ ಬಿಡು, ಮಾತು ಹಿಡಿ.
ಸಾಲ ಅನ್ನೋದು ಅವರ ಮನ್ಯಾಗ ಯಾವ ಹೊತ್ತಿಗೆ ಬರ್ತೈತೆ?
ಆಗ ಹುಡುಗ ಎಲ್ಲಿ ನಿಂತಿರ್ತಾನೆ?
ಅದು ತಪ್ಪು ಉತ್ತರ ಅಲ್ಲ. ಕದ.”

ನಾನು ಒಪ್ಪಲಿಲ್ಲ.
“ನಿನಗೆ ಎಲ್ಲದರಾಗೂ ಹಿಂದಿನದೇ ಕಾಣ್ತೈತೆ.
ದೊಡ್ಡದರಾಗ ಸಣ್ಣದು ಕಳೀಬೇಕು ಅಂತ
ಒಂದನೇ ಕ್ಲಾಸಿನಾಗ ನಾವೇ ಹೇಳಿದ್ದು.
ಅದರ ಮೇಲೇ ಮನೆ ಕಟ್ಟಿದಾನೆ.
ಸೊಟ್ಟ ಐತೆ, ಆದರೂ ಅವನದೇ.
ಕೆಡವೋದಲ್ಲ, ಕೈಗೆ ಇನ್ನೊಂದು ಇಟ್ಟಿಗೆ ಕೊಡೋದು ನನ್ನ ಕೆಲಸ.”
“ಯಾವ ನೆಲದ ಮೇಲೆ?” ಅಂದ.
ತಟ್ಟೆಯಲ್ಲಿ ಪುಟಾಣಿ ಪುಡಿ ಮುಗಿದಿತ್ತು.

ನಮ್ಮೂರಲ್ಲಿ ಹೊಸ ಜೀನ್ಸನ್ನು
ಕಲ್ಲಿನ ಜೊತೆ ಒಗೆದು ಹಳೆಯದು ಮಾಡುತ್ತಾರೆ.
ಮೊಣಕಾಲ ಹತ್ತಿರ ಅಳತೆ ಇಟ್ಟು ಹರಿಯುತ್ತಾರೆ,
ಯಾರೂ ಎಲ್ಲೂ ಬಿದ್ದಿರುವುದಿಲ್ಲ.
ನೆನಪೂ ಹೀಗೇ, ಇವತ್ತಿನ ಮಷಿನ್ನಿನಲ್ಲಿ
ಇವತ್ತು ಹೊಲಿದದ್ದು, ಅಂತ ವಾದಿಸಿದೆ.
“ಹರಿದ ಕೈಗೆ ನೆನಪಿರ್ತೈತಲ್ಲ,” ಅಂದ ಎರ್ರಿಸ್ವಾಮಿ,
ದುಡ್ಡು ಅವನೇ ಕೊಟ್ಟ.

ಸೋಮವಾರ ಗಲ್ಲಿಯಿಂದ ಹಿತ್ತಾಳೆ ಗುಂಡಿ ತಂದೆ,
ಮಾಲಿಗೆ ಒಗ್ಗದೆ ಬಿಸಾಕಿದವು.
ಹತ್ತು ಹತ್ತು ಪೋಣಿಸಿದ ಐದು ಸರ, ಬಿಡಿ ಎರಡು.
“ಇಪ್ಪತ್ತೇಳು ಕೊಡು” ಅಂದು ಸುಮ್ಮನೆ ಕೂತೆ.
(ಸುಮ್ಮನೆ ಕೂರುವುದನ್ನು ಕಲಿತದ್ದು ಎರ್ರಿಸ್ವಾಮಿಯಿಂದ.
ಅವನಿಗೆ ಹೇಳುವುದಿಲ್ಲ.)

ಎರಡು ಸರ ತಳ್ಳಿದ. ಬಿಡಿ ಗುಂಡಿಗಳನ್ನು ನೋಡಿದ.
ಹೊರಗೆ ಬೈಕೊಂದು ನಿಂತಿತು.
ಅವನ ತೋಳು ತಾನಾಗೇ ಗುಂಡಿಗಳನ್ನು ಬಳಸಿಕೊಂಡಿತು.
ಬೈಕು ಹೋಯಿತು. ತೋಳು ಇನ್ನೂ ಸ್ವಲ್ಪ ಹೊತ್ತು ಅಲ್ಲೇ.
ಆಮೇಲೆ ಒಂದು ಸರ ಎತ್ತಿ,
ಅವರಮ್ಮ ದಾರ ಕಡಿಯುವ ಹಾಗೆ
ಹಲ್ಲಿನಿಂದ ಕಡಿದ.
ಹತ್ತೂ ನೆಲದ ತುಂಬ.
ಬೀರುವಿನ ಅಡಿಗೆ ಹೋದದ್ದನ್ನು ತೆವಳಿ ತಂದ.
ಎಣಿಸಿದ. ಏಳು ಕೊಟ್ಟ. ಉಳಿದವನ್ನು ಮತ್ತೆ ಎಣಿಸಿದ.

“ಇಪ್ಪತ್ತೈದು.
ಇದು ಸಾಲ ಅಲ್ಲ ಟೀಚರ್, ಚಿಲ್ಲರೆ.
ನಮ್ಮದೇ ನೋಟು, ನಾವೇ ಮುರಿಸಿದ್ವಿ.
ಯಾರೂ ಕೇಳಾಕ ಬರಂಗಿಲ್ಲ.”

ಫೋನಿನಲ್ಲಿ ಎರ್ರಿಸ್ವಾಮಿಗೆ ಹೇಳಿದಾಗ
“ನೋಡಿದ್ಯಾ!” ಅಂದೆವು, ಇಬ್ಬರೂ, ಒಟ್ಟಿಗೆ.
ಆಮೇಲೆ ಅವನು ಮೆಲ್ಲಗೆ:
“ಹುಲಿಗೆಮ್ಮ, ಆ ಸಾಲದ ಮಾತು ನಿನಗೆ ಕಲಿಸಿದ್ಯಾರು?”

ಅಪ್ಪ. ಲಾಟೀನಿನ ಮುಂದೆ, ನನ್ನ ತೊಡೆಯ ಮೇಲೆ ಸ್ಲೇಟು.
ಪಕ್ಕದ ಮನೆಯಿಂದ ತಗೊಂಡ್ ಬಾ ಅಂದ.
ನಾನು ನಿಜಕ್ಕೂ ಎದ್ದೆ,
ಸ್ಟೀಲ್ ಲೋಟ ಹಿಡಿದು ಪಕ್ಕದ ಮನೆಗೆ ಹೋದೆ.
ಅವರು ಏನಂದರೋ. ಲೋಟ ತಣ್ಣಗಿತ್ತು,
ಅಷ್ಟು ನೆನಪು. ಅದನ್ನೂ
ಈಗಲೇ ಹೊಲಿದೆನೇನೋ.

ಫೋನಿಟ್ಟು ಗುಂಡಿ ಎಣಿಸಿ ಚೀಲಕ್ಕೆ ಹಾಕಿದೆ.
ಐವತ್ತೊಂದು. ಮತ್ತೆ ಎಣಿಸಿದೆ. ಐವತ್ತೊಂದು.

ಮರುದಿನ ಜಿಲಾನ್ ಚಡ್ಡಿಯ ಜೇಬಿಗೆ ಕೈ ಹಾಕಿಕೊಂಡೇ
ಮಗ್ಗಿ ಹೇಳಿದ.
ನಾನು ಕೇಳಲಿಲ್ಲ.